ಬ್ಯಾಟರಿಯಿಂದ ಹೊರಟ ವೋಲ್ಟೇಜು ಎಲ್ಲಿ ಹೋಯಿತು?

ಮಂಗಳೂರು, ಮಲ್ಪೆ, ತದಡಿ, ಕಾರವಾರ. ಯಾವ ಬಂದರಿನ ದಕ್ಕೆಗೆ ಹೋಗಿ ಬೋಟಿನ ವೈರಿಂಗ್ ಮಾಡುವವರನ್ನು ಮಾತಾಡಿಸಿದರೂ ಒಂದು ತಕರಾರು ಸಿಕ್ಕೇ ಸಿಗುತ್ತದೆ. ದಕ್ಕೆಯಲ್ಲಿ ಕಟ್ಟಿದ್ದಾಗ ಫಿಶ್ ಫೈಂಡರ್ ಸರಿಯಾಗಿಯೇ ಇತ್ತು. ಅಳಿವೆ ದಾಟಿ, ಆಳಕ್ಕೆ ಹೋಗಿ, ಬಲೆ ಬಿಡುವ ಹೊತ್ತಿಗೆ ಪರದೆ ಒಮ್ಮೆ ಮಿನುಗಿ ಆರಿಹೋಯಿತು. ಗುಂಡಿ ಒತ್ತಿದರೆ ಕಂಪನಿಯ ಹೆಸರು ಮೂಡುತ್ತದೆ, ಮರುಕ್ಷಣ ಮತ್ತೆ ಕತ್ತಲೆ. ಬ್ಯಾಟರಿಗೆ ಮೀಟರು ಹಿಡಿದರೆ 12.6 ವೋಲ್ಟ್ ಇದೆ. ಯಂತ್ರದ ಹಿಂದಿನ ಪ್ಲಗ್ ಕಿತ್ತು ಅದರ ಪಿನ್ನಿಗೆ ಹಿಡಿದರೂ 12.6 ಇದೆ. ಕರೆಂಟು ಬಾಗಿಲವರೆಗೂ ಬಂದಿರುವಾಗ ಯಂತ್ರವೇ ಕೆಟ್ಟಿರಬೇಕಲ್ಲವೇ? ಹಾಗೆಂದುಕೊಂಡು ಅದನ್ನು ಬಿಚ್ಚಿ ರಿಪೇರಿಗೆ ಕೊಡುತ್ತಾರೆ. ರಿಪೇರಿಯವರ ಮೇಜಿನ ಮೇಲೆ ಅದು ಗಂಟೆಗಟ್ಟಲೆ ಒಂದು ತಕರಾರೂ ಇಲ್ಲದೆ ಓಡುತ್ತದೆ. ತಂದು ಬೋಟಿಗೆ ಕೂರಿಸಿದರೆ ಮತ್ತೆ ಅದೇ ಕತ್ತಲೆ.

ಮೀಟರು ಸುಳ್ಳು ಹೇಳುತ್ತಿಲ್ಲ, ಯಂತ್ರವೂ ಕೆಟ್ಟಿಲ್ಲ. ಆದರೂ ನಡುವೆ ಎಲ್ಲೋ ವೋಲ್ಟೇಜು ಕಾಣೆಯಾಗುತ್ತಿದೆ. ಅದು ಎಲ್ಲಿ ಕಾಣೆಯಾಗುತ್ತದೆ, ಏಕೆ ಕಾಣೆಯಾಗುತ್ತದೆ, ಅದನ್ನು ಹಿಡಿಯುವುದು ಹೇಗೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಸಿಕ್ಕಿ ಬಹಳ ಕಾಲವಾಗಿದೆ. ಒಂದನ್ನು ಕಂಡುಕೊಂಡವನು ಶಾಲೆಯ ಮೇಷ್ಟ್ರು. ಇನ್ನೊಂದು ಸಿಕ್ಕಿದ್ದು ಹಡಗಿನ ಅಡಿಯಲ್ಲಿ ಮರೆತುಹೋಗಿ ಉಳಿದ ಕಾಗದದ ಚೂರಿನಿಂದ. ಮತ್ತೊಂದು, ಸಮುದ್ರದ ತಳಕ್ಕೆ ತಂತಿ ಎಳೆಯಲು ಹೋದವರ ಸೋಲಿನಿಂದ. ಇವೆಲ್ಲ ಇಂದಿಗೂ ಒಂದು ಫ್ಯೂಸ್ ಹೋಲ್ಡರಿನ ಮುಂದೆ ಕೂತವನಿಗೆ ಕೆಲಸಕ್ಕೆ ಬರುತ್ತವೆ ಎಂಬುದೇ ನನಗೆ ಈ ಕತೆಯಲ್ಲಿ ಇಷ್ಟವಾದ ಸಂಗತಿ.

ಮೊದಲು ಆ ಯಂತ್ರದ ಬಗ್ಗೆ ಎರಡು ಮಾತು. ಸಮುದ್ರದ ಆಳ ಅಳೆಯಲು ಶಬ್ದ ಬಿಟ್ಟು ಪ್ರತಿಧ್ವನಿ ಕೇಳುವ ಉಪಕರಣ ಮೊದಲೇ ಇತ್ತು. ಅದರಲ್ಲಿ ಮೀನೂ ಕಾಣುತ್ತದೆ ಎಂದು ನಾರ್ವೆಯ ವಿಜ್ಞಾನಿ ಆಸ್ಕರ್ ಸುಂಡ್ 1935ರಲ್ಲಿ ಲೊಫೊಟೆನ್ ದ್ವೀಪಗಳ ಬಳಿಯ ಕಾಡ್ ಮೀನಿನ ಗುಂಪನ್ನು ಕಾಗದದ ಮೇಲೆ ಮೂಡಿಸಿ ತೋರಿಸಿದ. ಅದನ್ನು ಸಾಮಾನ್ಯ ಮೀನುಗಾರನ ಕೈಗೆಟಕುವ ಯಂತ್ರವಾಗಿ 1948ರಲ್ಲಿ ಮಾರುಕಟ್ಟೆಗೆ ತಂದವರು ಜಪಾನಿನ ಫುರುನೊ ಸಹೋದರರು, ಕಿಯೊತಾಕ ಮತ್ತು ಕಿಯೊಕಾತ. ನಾಗಾಸಾಕಿ ಪ್ರಾಂತ್ಯದ ಕುಚಿನೊತ್ಸು ಎಂಬ ಬಂದರೂರಿನಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟ ಕಿಯೊತಾಕ ಬೋಟುಗಳಿಗೆ ದೀಪ, ವೈರಿಂಗ್ ಮಾಡಿಕೊಡುತ್ತಿದ್ದ. ಮೀನಿರುವ ಕಡೆ ನೀರಿನಿಂದ ಗುಳ್ಳೆ ಏಳುತ್ತದೆ ಎಂದು ಬೋಟಿನವರು ಹೇಳಿದ ಮಾತು ಅವನ ತಲೆಯಲ್ಲಿ ಕೂತಿತು. ಗುಳ್ಳೆ ಇದ್ದರೆ ಶಬ್ದ ಅದಕ್ಕೆ ಬಡಿದು ಮರಳಬೇಕು. ಯುದ್ಧ ಮುಗಿದ ಮೇಲೆ ನೌಕಾಪಡೆಯ ಹಳೆಯ ಆಳಮಾಪಕ ಸಿಕ್ಕಿತು, ಅದನ್ನೇ ಬಿಚ್ಚಿ ಜೋಡಿಸಿ ಅಣ್ಣತಮ್ಮಂದಿರು ಸಮುದ್ರದಲ್ಲಿ ಪ್ರಯೋಗ ಮಾಡಿದರು. ಮೀನುಗಾರರ ಅನುಭವದ ಮಾತನ್ನು ಕಿವಿಗೊಟ್ಟು ಕೇಳಿದ ಒಬ್ಬ ವೈರಿಂಗ್ ಕೆಲಸಗಾರನಿಂದ ಈ ಯಂತ್ರ ಹುಟ್ಟಿತು ಎನ್ನುವುದನ್ನು ದಕ್ಕೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಹೇಳಬೇಕೆನಿಸುತ್ತದೆ.

ಯಂತ್ರ ಮಾಡುವುದು ಇಷ್ಟೇ. ಬೋಟಿನ ಅಡಿಯಲ್ಲಿರುವ ಟ್ರಾನ್ಸ್‌ಡ್ಯೂಸರಿನಿಂದ ಕ್ಷಣದ ಒಂದು ಚೂರಿನಷ್ಟು ಹೊತ್ತು ಜೋರಾಗಿ ಶಬ್ದ ಬಿಡುತ್ತದೆ, ಆಮೇಲೆ ಸುಮ್ಮನಾಗಿ ಕೇಳಿಸಿಕೊಳ್ಳುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 30 ಮೀಟರ್ ಆಳದ ತಳಕ್ಕೆ ಬಡಿದು ಮರಳಲು ಅದಕ್ಕೆ ಒಂದು ಸೆಕೆಂಡಿನ 25ನೇ ಒಂದು ಭಾಗ ಸಾಕು. ನಡುವೆ ಬೂತಾಯಿಯ ಗುಂಪಿದ್ದರೆ ಅವುಗಳ ಹೊಟ್ಟೆಯ ಗಾಳಿಚೀಲಗಳಿಗೆ ಬಡಿದ ಶಬ್ದ ಇನ್ನೂ ಮೊದಲೇ ಬರುತ್ತದೆ. ಹೀಗೆ ಕೂಗುತ್ತ ಕೇಳುತ್ತ ಇರುವ ಯಂತ್ರ ಬ್ಯಾಟರಿಯಿಂದ ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ. ಪರದೆಯ ಬೆಳಕು ಹೆಚ್ಚಿಸಿದರೆ, ಆಳದ ನೀರಿಗೆ ಹೋಗಿ ಕೂಗು ಜೋರು ಮಾಡಿದರೆ ಎಳೆತವೂ ಹೆಚ್ಚುತ್ತದೆ. ದಕ್ಕೆಯಲ್ಲಿ ಸುಮ್ಮನಿದ್ದ ತಕರಾರು ಆಳಸಮುದ್ರದಲ್ಲಿ ತಲೆಯೆತ್ತುವುದಕ್ಕೆ ಇದೂ ಒಂದು ಕಾರಣ.

ಈಗ ಕಲೋನ್ ಪಟ್ಟಣದ ಮೇಷ್ಟ್ರ ವಿಷಯಕ್ಕೆ ಬರೋಣ. ಜಾರ್ಜ್ ಸೈಮನ್ ಓಮ್ ಬೀಗ ಮಾಡುವವನ ಮಗ. ಕಲೋನಿನ ಶಾಲೆಯಲ್ಲಿ ಗಣಿತ, ಭೌತವಿಜ್ಞಾನ ಹೇಳಿಕೊಡುತ್ತಿದ್ದ. 1825ರ ಹೊತ್ತಿಗೆ ಅವನನ್ನು ಕಾಡಿದ ಪ್ರಶ್ನೆ ಕೇಳಲು ಸರಳ: ತಂತಿಯ ಉದ್ದ ಹೆಚ್ಚಿದಂತೆ ಕರೆಂಟು ಎಷ್ಟು ಕಡಿಮೆಯಾಗುತ್ತದೆ? ಅಳೆಯಲು ಹೊರಟಾಗ ಅವನಿಗೆ ತೊಂದರೆ ಕೊಟ್ಟಿದ್ದು ಬ್ಯಾಟರಿ. ಆಗಿನ ಬ್ಯಾಟರಿ ತಂತಿ ಜೋಡಿಸಿದ ಕೂಡಲೇ ಜಿಗಿದು, ನಿಮಿಷಗಳಲ್ಲಿ ಕುಗ್ಗಿಬಿಡುತ್ತಿತ್ತು. ಅಳೆದದ್ದು ತಂತಿಯ ಗುಣವೋ ಬ್ಯಾಟರಿಯ ಗುಣವೋ ಎಂದು ಬೇರ್ಪಡಿಸುವುದೇ ಕಷ್ಟವಾಯಿತು. ಆಗ ವಿಜ್ಞಾನ ಪತ್ರಿಕೆಯ ಸಂಪಾದಕನಾಗಿದ್ದ ಪೋಗೆನ್‌ಡಾರ್ಫ್ ಒಂದು ಸಲಹೆ ಕೊಟ್ಟ. ಎರಡು ಲೋಹಗಳನ್ನು ಬೆಸೆದು ಒಂದು ಕೂಡುವಿಕೆಯನ್ನು ಬಿಸಿಯಾಗಿ, ಇನ್ನೊಂದನ್ನು ತಣ್ಣಗೆ ಇಟ್ಟರೆ ಕರೆಂಟು ಹುಟ್ಟುತ್ತದೆಂದು ಸೀಬೆಕ್ ಕೆಲವೇ ವರ್ಷಗಳ ಹಿಂದೆ ಕಂಡುಹಿಡಿದಿದ್ದ. ಅದನ್ನೇ ಬಳಸು ಎಂದ. ಓಮ್ ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿ ಒಂದು ತುದಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟ. ನೀರು ಕುದಿಯುತ್ತಿರುವವರೆಗೆ, ಮಂಜು ಕರಗುತ್ತಿರುವವರೆಗೆ ಎರಡೂ ತುದಿಗಳ ಉಷ್ಣತೆ ಕದಲುವುದಿಲ್ಲ. ಕರೆಂಟಿನ ಮೂಲ ಕೊನೆಗೂ ಕಲ್ಲಿನಂತೆ ಸ್ಥಿರವಾಯಿತು.

ಆಮೇಲೆ ಎಂಟು ತಾಮ್ರದ ತಂತಿಗಳನ್ನು ತೆಗೆದುಕೊಂಡ. ಎಲ್ಲವೂ ಒಂದೇ ದಪ್ಪ, ಉದ್ದ ಮಾತ್ರ ಬೇರೆ. ಅತಿ ಚಿಕ್ಕದು 2 ಅಂಗುಲ, ಅತಿ ಉದ್ದದ್ದು 130 ಅಂಗುಲ. ಒಂದೊಂದನ್ನೇ ಜೋಡಿಸಿ, ಮೇಲೆ ತೂಗುಬಿಟ್ಟ ಅಯಸ್ಕಾಂತದ ಮುಳ್ಳನ್ನು ಅದು ಎಷ್ಟು ಬಲವಾಗಿ ತಿರುಗಿಸುತ್ತದೆಂದು ನೋಡಿದ. 1826ರಲ್ಲಿ ಅವನು ಬರೆದ ಸೂತ್ರದಲ್ಲಿ ಕರೆಂಟಿನ ಬಲ ಎಂದರೆ ಮೇಲೆ ಮೂಲದ ಶಕ್ತಿ, ಕೆಳಗೆ ಎರಡು ರೋಧಗಳ ಮೊತ್ತ. ಒಂದು, ತಾನು ಪರೀಕ್ಷಿಸುತ್ತಿರುವ ತಂತಿಯದ್ದು. ಇನ್ನೊಂದು, ಉಳಿದ ಇಡೀ ಸರ್ಕ್ಯೂಟಿನದ್ದು. ಶಾಲೆಯಲ್ಲಿ ಓಮ್ ನಿಯಮ ಕಲಿತವರಿಗೆ ಈ ಎರಡನೆಯ ರೋಧ ಸಾಮಾನ್ಯವಾಗಿ ನೆನಪಿರುವುದಿಲ್ಲ, ಏಕೆಂದರೆ ಪಠ್ಯದ ಲೆಕ್ಕಗಳಲ್ಲಿ ಅದನ್ನು ಸೊನ್ನೆ ಎಂದು ಹಿಡಿದುಬಿಡುತ್ತಾರೆ. ಬೋಟಿನ ಕತೆಯೆಲ್ಲ ಇರುವುದು ಅದರಲ್ಲೇ.

ಲೆಕ್ಕ ಹಾಕಿ ನೋಡಿ. ಫಿಶ್ ಫೈಂಡರ್ 2 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ಹೊಸ ವೈರಿಂಗಿನಲ್ಲಿ ಬ್ಯಾಟರಿಯಿಂದ ಯಂತ್ರಕ್ಕೆ ಹೋಗಿ ಬರುವ ದಾರಿಯ ರೋಧ 0.05 ಓಮ್ ಇದ್ದರೆ ದಾರಿಯಲ್ಲಿ ಕಳೆದುಹೋಗುವುದು 0.1 ವೋಲ್ಟ್ ಮಾತ್ರ, ಯಂತ್ರಕ್ಕೆ ಅದು ಗೊತ್ತೂ ಆಗುವುದಿಲ್ಲ. ಒಂದು ಜಾಯಿಂಟ್ ಕಿಲುಬು ಹಿಡಿದು ಅದೊಂದೇ 1 ಓಮ್ ಆಯಿತೆನ್ನಿ. ಈಗ ಆ ಜಾಯಿಂಟಿನಲ್ಲೇ 2 ವೋಲ್ಟ್ ನಿಂತುಹೋಗುತ್ತದೆ. ಎಳೆತದ ಹೊತ್ತಿನಲ್ಲಿ 12.3 ಇದ್ದ ಬ್ಯಾಟರಿಯಿಂದ ಯಂತ್ರಕ್ಕೆ ಮುಟ್ಟುವುದು 10.3 ಅಥವಾ ಅದಕ್ಕಿಂತ ಕಡಿಮೆ. 12 ವೋಲ್ಟಿನ ಹಲವು ಯಂತ್ರಗಳು 10 ವೋಲ್ಟಿನ ಆಸುಪಾಸಿಗೆ ಬಂದರೆ ತಾವಾಗಿಯೇ ಆರುತ್ತವೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಂದಿನ ಯಂತ್ರಗಳ ಒಳಗಿನ ಪವರ್ ಸಪ್ಲೈ ತನಗೆ ಬೇಕಾದ ವ್ಯಾಟ್ ಪಡೆದೇ ತೀರುತ್ತದೆ, ವೋಲ್ಟೇಜು ಕುಗ್ಗಿದರೆ ಕರೆಂಟನ್ನು ಇನ್ನಷ್ಟು ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ಕೆಟ್ಟ ಜಾಯಿಂಟಿನಲ್ಲಿ ಹೆಚ್ಚು ನಷ್ಟ, ನಷ್ಟ ಹೆಚ್ಚಿದಷ್ಟೂ ಇನ್ನೂ ಎಳೆತ. ಕೊನೆಗೆ ಯಂತ್ರ ಆರುತ್ತದೆ. ಆರಿದ ಕೂಡಲೇ ಎಳೆತ ನಿಲ್ಲುತ್ತದೆ, ವೋಲ್ಟೇಜು ಪೂರ್ತಿ ಮರಳುತ್ತದೆ, ಯಂತ್ರ ಮತ್ತೆ ಏಳುತ್ತದೆ, ಹೆಸರು ತೋರಿಸುತ್ತದೆ, ಮತ್ತೆ ಬೀಳುತ್ತದೆ. ಬೋಟು ನಡೆಸುವ ತಾಂಡೇಲನ ಕಣ್ಣಿಗೆ ಯಂತ್ರ ಹುಚ್ಚು ಹಿಡಿದಂತೆ ಕಾಣುವ ಆ ಮಿನುಗಾಟದ ಹಿಂದೆ ಇಷ್ಟು ನಡೆದಿರುತ್ತದೆ.

ಹಾಗಾದರೆ ಮೀಟರಿಗೆ ಇದು ಏಕೆ ಕಾಣಲಿಲ್ಲ? ಡಿಜಿಟಲ್ ಮೀಟರಿನ ಒಳಗಿನ ರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಪ್ಲಗ್ ಕಿತ್ತು ಅದರ ಪಿನ್ನಿಗೆ ಮೀಟರು ಹಿಡಿದಾಗ ಆ ದಾರಿಯಲ್ಲಿ ಹರಿಯುವುದು ಆಂಪಿಯರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಷ್ಟು ಚಿಕ್ಕ ಕರೆಂಟಿಗೆ 1 ಓಮಿನ ಜಾಯಿಂಟಿನಲ್ಲಿ ಆಗುವ ನಷ್ಟವೂ ವೋಲ್ಟಿನ ಹತ್ತು ಲಕ್ಷದ ಒಂದು ಭಾಗದಷ್ಟೇ. ಮಾಳಿಗೆಯ ಟ್ಯಾಂಕಿನ ಪೈಪು ಮುಕ್ಕಾಲು ಕಟ್ಟಿಕೊಂಡಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದಲ್ಲ, ಇದೂ ಹಾಗೆಯೇ. ನಲ್ಲಿ ತಿರುಗಿಸಿದಾಗಲೇ ನಿಜ ಗೊತ್ತಾಗುವುದು. ಯಂತ್ರ ಕರೆಂಟು ಎಳೆಯುತ್ತಿರುವಾಗ ಅಳೆಯದ ವೋಲ್ಟೇಜು ಲೆಕ್ಕಕ್ಕೆ ಬರುವುದಿಲ್ಲ.

1827ರಲ್ಲಿ ಓಮ್ ತನ್ನ ಪುಸ್ತಕವನ್ನು ಬರ್ಲಿನ್ನಿನಲ್ಲಿ ಪ್ರಕಟಿಸಿದಾಗ ಅವನ ನಾಡಿನ ಪಂಡಿತರು ಅದನ್ನು ತಣ್ಣಗೆ ಬದಿಗಿಟ್ಟರು. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿದ್ದು 1841ರಲ್ಲಿ. 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಸಮ್ಮೇಳನ ಅವನ ಹೆಸರನ್ನೇ ರೋಧದ ಅಳತೆಗೆ ಒಪ್ಪಿಕೊಂಡಿತು. ಅದನ್ನು ನೋಡಲು ಅವನಿರಲಿಲ್ಲ.

ಇನ್ನು ಆ 1 ಓಮ್ ಎಲ್ಲಿಂದ ಬಂತು ಎಂಬ ಪ್ರಶ್ನೆ. ಇದರ ಉತ್ತರ ಓಮ್ ಹುಟ್ಟುವ ಮೊದಲೇ ಒಂದು ಹಡಗಿನ ಅಡಿಯಲ್ಲಿ ಕಂಡಿತ್ತು, ಯಾರಿಗೂ ಅರ್ಥವಾಗಿರಲಿಲ್ಲ.

ಮರದ ಹಡಗಿಗೆ ಬೆಚ್ಚಗಿನ ಸಮುದ್ರದಲ್ಲಿ ಹುಳದ ಕಾಟ. ಹಲಗೆಯೊಳಗೆ ಕೊರೆದು ಹೋಗಿ ಅದನ್ನು ಜರಡಿ ಮಾಡಿಬಿಡುತ್ತದೆ. ಅದನ್ನು ತಡೆಯಲು 1761ರಲ್ಲಿ ಬ್ರಿಟಿಷ್ ನೌಕಾಪಡೆ ಅಲಾರ್ಮ್ ಎಂಬ 32 ಫಿರಂಗಿಗಳ ಹಡಗಿನ ಅಡಿಗೆ ತಾಮ್ರದ ತೆಳು ತಗಡು ಹೊಡೆಸಿತು. ಹಡಗು ವೆಸ್ಟ್ ಇಂಡೀಸಿಗೆ ಹೋಗಿ 1763ರಲ್ಲಿ ಮರಳಿದಾಗ ಪರೀಕ್ಷೆಗೆ ಎತ್ತಿದರು. ಹುಳ ತಾಗಿರಲಿಲ್ಲ. ಆದರೆ ತಗಡು ಹಲವು ಕಡೆ ಕಳಚಿ ಹೋಗಿತ್ತು. ತಾಮ್ರಕ್ಕೆ ತಾಗಿಕೊಂಡಿದ್ದ ಕಬ್ಬಿಣದ ಮೊಳೆಗಳು ತುಕ್ಕು ಹಿಡಿದು ಮೆತ್ತಗಿನ ಹಿಟ್ಟಿನಂತಾಗಿದ್ದವು. ವಿಚಿತ್ರವೆಂದರೆ ಕೆಲವು ಮೊಳೆಗಳು ಗಟ್ಟಿಯಾಗಿಯೇ ಉಳಿದಿದ್ದವು. ಹತ್ತಿರದಿಂದ ನೋಡಿದಾಗ ಕಂಡದ್ದು ಕಂದು ಬಣ್ಣದ ಕಾಗದ. ತಗಡನ್ನು ಸುತ್ತಿ ತಂದಿದ್ದ ಕಾಗದವನ್ನು ಕೆಲಸಗಾರರು ಅಲ್ಲಲ್ಲಿ ಕೀಳದೆ ಹಾಗೆಯೇ ಹೊಡೆದಿದ್ದರು. ಕಾಗದ ಎಲ್ಲಿ ತಾಮ್ರಕ್ಕೂ ಕಬ್ಬಿಣಕ್ಕೂ ನಡುವೆ ಸಿಕ್ಕಿಕೊಂಡಿತ್ತೋ ಅಲ್ಲಿ ಮೊಳೆ ಬದುಕಿತ್ತು. ಸಮುದ್ರದ ನೀರಿನಲ್ಲಿ ಕಬ್ಬಿಣ ತಾಮ್ರಕ್ಕೆ ನೇರವಾಗಿ ತಾಗಬಾರದು ಎಂದು ಪರಿಶೀಲಿಸಿದವರು ಬರೆದಿಟ್ಟರು. ಎಷ್ಟು ಸ್ವಚ್ಛವಾದ ಗಮನಿಕೆ! ಯಾವ ಸಿದ್ಧಾಂತವೂ ಇಲ್ಲದೆ, ಬರೀ ಕಣ್ಣಿನಿಂದ ನೋಡಿ ಸರಿಯಾದ ತೀರ್ಮಾನಕ್ಕೆ ಬಂದಿದ್ದರು. ನೌಕಾಪಡೆ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಹಡಗಿನ ಬೋಲ್ಟುಗಳನ್ನು ತಾಮ್ರದ ಮಿಶ್ರಲೋಹಕ್ಕೆ ಬದಲಿಸಲು 1780ರ ದಶಕ ಬರಬೇಕಾಯಿತು.

ಕಾರಣ ತಿಳಿದದ್ದು ಇನ್ನೂ ತಡವಾಗಿ. ಬೊಲೋನ್ಯದ ಗಾಲ್ವಾನಿ ಎರಡು ಲೋಹ ತಾಗಿಸಿದಾಗ ಸತ್ತ ಕಪ್ಪೆಯ ಕಾಲು ಅದುರುವುದನ್ನು ಕಂಡು 1791ರಲ್ಲಿ ಬರೆದ. ವೋಲ್ಟಾ ಕಪ್ಪೆಯನ್ನು ಕೈಬಿಟ್ಟು ಬೆಳ್ಳಿ, ಸತು, ಉಪ್ಪುನೀರಲ್ಲಿ ನೆನೆಸಿದ ರಟ್ಟು ಇವನ್ನು ಒಂದರ ಮೇಲೊಂದು ಪೇರಿಸಿ 1800ರಲ್ಲಿ ಜಗತ್ತಿನ ಮೊದಲ ಬ್ಯಾಟರಿ ಮಾಡಿದ. ಎರಡು ಲೋಹ, ನಡುವೆ ಉಪ್ಪುನೀರು ಇದ್ದರೆ ಅದು ಬ್ಯಾಟರಿ, ಅದರಲ್ಲೊಂದು ಲೋಹ ಸವೆಯುತ್ತದೆ. ಅಲಾರ್ಮ್ ಹಡಗಿನ ಅಡಿ ಪೂರ್ತಿ ಬ್ಯಾಟರಿಯೇ ಆಗಿತ್ತು. ಅದೇ ವರ್ಷ ಲಂಡನ್ನಿನಲ್ಲಿ ನಿಕೋಲ್ಸನ್ ಮತ್ತು ಕಾರ್ಲೈಲ್ ವೋಲ್ಟಾನ ಬ್ಯಾಟರಿಯ ಎರಡು ಹಿತ್ತಾಳೆ ತಂತಿಗಳನ್ನು ನೀರಿನಲ್ಲಿ ಅದ್ದಿ ನೋಡಿದರು. ಒಂದು ತಂತಿಯಿಂದ ಗುಳ್ಳೆ ಎದ್ದಿತು, ಇನ್ನೊಂದು ಮಸುಕಾಗಿ ಕೊಳೆಯತೊಡಗಿತು. ಬೋಟಿನ ಪ್ಲಗ್ಗಿನೊಳಗೆ ಉಪ್ಪುನೀರು ಹೊಕ್ಕಾಗ ನಡೆಯುವುದು ಇದೇ ಪ್ರಯೋಗ. ಪಾಸಿಟಿವ್ ಪಿನ್ ಹಸಿರಾಗಿ ಕರಗುತ್ತದೆ, ಪಕ್ಕದ ನೆಗೆಟಿವ್ ಪಿನ್ ಅಷ್ಟು ಹಾಳಾಗಿರುವುದಿಲ್ಲ. ಹಳೆಯ ಪ್ಲಗ್ ಸಿಕ್ಕಿದರೆ ಬಿಚ್ಚಿ ನೋಡಿ, ಯಾವ ಪಿನ್ ಪಾಸಿಟಿವ್ ಎಂದು ಯಾರೂ ಹೇಳಬೇಕಾಗಿಲ್ಲ.

ಈ ಕೊಳೆತವನ್ನು ತಿರುಗಿಸಬಹುದು ಎಂದು ಮೊದಲು ತೋರಿಸಿದವನು ಹಂಫ್ರಿ ಡೇವಿ. ನೌಕಾಪಡೆ ತಾಮ್ರದ ತಗಡುಗಳ ಸವೆತಕ್ಕೆ ಮದ್ದು ಕೇಳಿತ್ತು. 1824ರ ಜನವರಿಯಲ್ಲಿ ಡೇವಿ ರಾಯಲ್ ಸೊಸೈಟಿಯಲ್ಲಿ ಓದಿದ ಪ್ರಬಂಧದ ಸಾರ ಇದು: ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ಚಿಕ್ಕ ತುಂಡು ತಾಗಿಸಿದರೆ ಆ ತುಂಡು ಸವೆದು ತಾಮ್ರ ಉಳಿಯುತ್ತದೆ. ಪ್ರಯೋಗಗಳಲ್ಲಿ ಅವನ ಜೊತೆಗಿದ್ದವನು ಯುವಕ ಮೈಕೆಲ್ ಫ್ಯಾರಡೆ. ಪರೀಕ್ಷೆಗೆ ಒಳಗಾದ ಹಡಗುಗಳಲ್ಲಿ ಸಮರಾಂಗ್ ಕೂಡ ಒಂದು. ನಮ್ಮದೇ ಅರಬ್ಬೀ ಸಮುದ್ರದ ಕರೆಯ ಕೊಚ್ಚಿಯಲ್ಲಿ, ತೇಗದ ಮರದಿಂದ ಕಟ್ಟಿ 1822ರಲ್ಲಿ ನೀರಿಗಿಳಿಸಿದ ಹಡಗು ಅದು. ಕಬ್ಬಿಣದ ತುಂಡು ಹೊತ್ತು ಅಟ್ಲಾಂಟಿಕ್ ದಾಟಿ ಬಂದಾಗ ಅದರ ತಾಮ್ರ ಚೆನ್ನಾಗಿ ಉಳಿದಿತ್ತು. ಆದರೆ ಇಂಥ ತುಂಡು ಕಟ್ಟಿದ ಹಡಗುಗಳಿಗೆಲ್ಲ ಚಿಪ್ಪು, ಪಾಚಿ ದಪ್ಪಗೆ ಮೆತ್ತಿಕೊಳ್ಳತೊಡಗಿತು. ತಾಮ್ರ ತುಸುತುಸುವೇ ಕರಗುತ್ತಿದ್ದುದರಿಂದಲೇ ಅದರ ವಿಷಕ್ಕೆ ಚಿಪ್ಪು ಅಂಟುತ್ತಿರಲಿಲ್ಲ. ಕರಗುವುದು ನಿಂತಿತು, ವಿಷವೂ ನಿಂತಿತು. ನೌಕಾಪಡೆ ಕೆಲವೇ ವರ್ಷಗಳಲ್ಲಿ ಉಪಾಯವನ್ನು ಕೈಬಿಟ್ಟಿತು. ಡೇವಿಯ ತತ್ವ ಮಾತ್ರ ಸತ್ಯವಾಗಿತ್ತು. ಇಂದು ಬೋಟಿನ ಪ್ರೊಪೆಲ್ಲರ್, ಚುಕ್ಕಾಣಿಗಳ ಬಳಿ ಬೋಲ್ಟು ಹಾಕಿ ಬಿಗಿಯುವ ಸತುವಿನ ಗಟ್ಟಿ ಅವನದೇ.

ಒಂದು ಪ್ರಶ್ನೆ ಉಳಿಯಿತು. ಕೆಟ್ಟ ಜಾಗ ಕಣ್ಣಿಗೆ ಕಾಣದಿದ್ದರೆ ಹುಡುಕುವುದು ಹೇಗೆ? ಇದನ್ನು ಕಲಿಸಿದ್ದು ಸಮುದ್ರದ ತಳದ ಟೆಲಿಗ್ರಾಫ್ ಕೇಬಲ್. ಐರ್ಲೆಂಡಿನಿಂದ ಅಮೆರಿಕದ ಕಡೆಗೆ 1858ರಲ್ಲಿ ಎಳೆದ ಮೊದಲ ಕೇಬಲ್ ಕೆಲವೇ ವಾರ ಬದುಕಿತು. ಸಂಕೇತ ಮಂಕಾದಾಗ ಅಲ್ಲಿನ ವಿದ್ಯುತ್ ಮುಖ್ಯಸ್ಥ ವೈಟ್‌ಹೌಸ್ ಸುಮಾರು 2,000 ವೋಲ್ಟ್ ಕೊಟ್ಟು ತಳ್ಳಲು ನೋಡಿದ, ದುರ್ಬಲವಾಗಿದ್ದ ಹೊದಿಕೆ ಅಲ್ಲಿಗೆ ಮುಗಿಯಿತು. ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಮತ್ತವನ ಜೊತೆಗಾರರು ಹಿಡಿದ ದಾರಿಯೇ ಬೇರೆ. ಅತಿ ಕಡಿಮೆ ಕರೆಂಟು ಬಿಟ್ಟು, ಅತಿ ಸೂಕ್ಷ್ಮವಾಗಿ ಅಳೆದು, ತಾಮ್ರದ ತಂತಿಗೆ ಮೈಲಿಗೆ ಎಷ್ಟು ರೋಧ ಎಂಬ ಲೆಕ್ಕದಿಂದ ಕೇಬಲ್ ಎಲ್ಲಿ ಕೆಟ್ಟಿದೆ ಎಂದು ಹೇಳುವುದು. 1865ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಎರಡನೆಯ ಕೇಬಲ್ ಎಳೆಯುತ್ತ ಹೊರಟು ನೂರು ಮೈಲಿಯೂ ಆಗಿರಲಿಲ್ಲ, ಅಳತೆಯ ಮುಳ್ಳು ತಕರಾರು ತೋರಿಸಿತು. ಬಿಟ್ಟಿದ್ದ ಕೇಬಲನ್ನು ಮೈಲಿಗಟ್ಟಲೆ ಹಿಂದಕ್ಕೆ ಎಳೆದು, ಕೈಯಿಂದ ತಡವಿ ನೋಡಿದಾಗ ಸಿಕ್ಕಿದ್ದು ಸುಮಾರು 2 ಅಂಗುಲದ ಒಂದು ಕಬ್ಬಿಣದ ತಂತಿಚೂರು. ಹೊದಿಕೆಯನ್ನು ಚುಚ್ಚಿಕೊಂಡು ಒಳಗಿನ ತಾಮ್ರದವರೆಗೆ ಹೋಗಿತ್ತು. ಸಾವಿರಾರು ಟನ್ನಿನ ಕೇಬಲ್ಲನ್ನು ನಿರುಪಯುಕ್ತ ಮಾಡಲು ಅಷ್ಟು ಸಾಕಾಗಿತ್ತು. ಅದೇ ಹಡಗು 1870ರಲ್ಲಿ ಮುಂಬಯಿಯಿಂದ ಏಡನ್ನಿಗೆ ನಮ್ಮ ಸಮುದ್ರದ ತಳದಲ್ಲೂ ಕೇಬಲ್ ಹಾಸಿತು. ಹೊಡೆದು ಬಡಿದು ನೋಡಬೇಡ, ಎರಡು ತುದಿಯಿಂದ ಅಳೆದು ಜಾಗವನ್ನು ಕಿರಿದು ಮಾಡುತ್ತ ಬಾ ಎಂಬ ಆ ಕ್ರಮವೇ ಇಂದು ಬೋಟಿನಲ್ಲೂ ನಡೆಯುವುದು.

ಮಲ್ಪೆಯಲ್ಲಿ ನಾನು ಹತ್ತಿರದಿಂದ ಕಂಡ ಒಂದು ಹುಡುಕಾಟವನ್ನು ಇಲ್ಲಿ ಹೇಳಬೇಕು. ಬೋಟಿನ ಫಿಶ್ ಫೈಂಡರ್ ಮೇಲೆ ಹೇಳಿದಂತೆಯೇ ಮಿನುಗಿ ಆರುತ್ತಿತ್ತು. ವೈರಿಂಗಿನವರು ಯಂತ್ರವನ್ನು ಮುಟ್ಟಲೇ ಇಲ್ಲ. ಪ್ಲಗ್ ಕಿತ್ತು, ಅದರ ಪಿನ್ನುಗಳಿಗೆ ಕಾರಿನ ಇಂಡಿಕೇಟರಿನ 21 ವ್ಯಾಟಿನ ಬಲ್ಬ್ ಸಿಕ್ಕಿಸಿದರು. ಆ ಬಲ್ಬ್ ಎಳೆಯುವ ಕರೆಂಟು ಫಿಶ್ ಫೈಂಡರಿನಷ್ಟೇ, ಮತ್ತೆ ಅದು ವೋಲ್ಟೇಜು ಕುಗ್ಗಿತೆಂದು ತಾನಾಗಿ ಆರುವುದಿಲ್ಲ. ಬಲ್ಬ್ ಬೆಳ್ಳಗೆ ಹೊತ್ತಬೇಕಿತ್ತು, ಕಿತ್ತಳೆ ಬಣ್ಣದಲ್ಲಿ ಮಂಕಾಗಿ ಹೊತ್ತಿತು. ಅಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿತು. ಬಲ್ಬ್ ಉರಿಯುತ್ತಿರುವಾಗ ಬ್ಯಾಟರಿಯ ಕಂಬದಲ್ಲಿ 12.3, ಪ್ಲಗ್ಗಿನಲ್ಲಿ 10.1. ಕಾಣೆಯಾದದ್ದು 2.2 ವೋಲ್ಟ್.

ಆಮೇಲೆ ಮೀಟರಿನ ಒಂದು ಮೊನೆ ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಇನ್ನೊಂದು ಉದ್ದದ ವೈರಿನಿಂದ ಪ್ಲಗ್ಗಿನ ಪಾಸಿಟಿವ್ ಪಿನ್ನಿಗೆ. ಒಂದೇ ವೈರಿನ ಎರಡು ತುದಿಗಳ ನಡುವೆ ವೋಲ್ಟೇಜು ಅಳೆಯುವುದನ್ನು ಮೊದಲ ಬಾರಿ ನೋಡುವವರಿಗೆ ಇದೇನು ಹುಚ್ಚು ಎನಿಸಬಹುದು, ಆದರೆ ನಷ್ಟ ನೇರವಾಗಿ ಕಾಣುವುದು ಅಲ್ಲೇ. 1.9 ತೋರಿಸಿತು. ನೆಗೆಟಿವ್ ಬದಿಯಲ್ಲಿ ಹಾಗೆಯೇ ಹಿಡಿದಾಗ 0.3. ಎರಡೂ ಸೇರಿ 2.2, ಲೆಕ್ಕ ಕೂಡಿತು. ಕಳ್ಳ ಪಾಸಿಟಿವ್ ಬದಿಯಲ್ಲಿದ್ದಾನೆ. ಮೊನೆಯನ್ನು ಹಂತಹಂತವಾಗಿ ಬ್ಯಾಟರಿಯ ಕಡೆಗೆ ತರುತ್ತ ಹೋದರು: ಸ್ವಿಚ್ಚಿನ ಎರಡು ಬದಿಗೆ ಹಿಡಿದರೆ ಏನೂ ಇಲ್ಲ, ಫ್ಯೂಸ್ ಹೋಲ್ಡರಿನ ಎರಡು ಬದಿಗೆ ಹಿಡಿದಾಗ 1.7.

ಆ ಹೋಲ್ಡರು ವೀಲ್ ಹೌಸಿನ ಕಿಟಕಿಯ ಕೆಳಗೆ, ಮಳೆ ನೀರೂ ಸಮುದ್ರದ ತುಂತುರೂ ಇಳಿಯುವ ಜಾಗದಲ್ಲಿತ್ತು. ಹಿಂದೆ ಯಾರೋ ಅದರ ಫ್ಯೂಸನ್ನು ಮೀಟರಿನ ಸದ್ದು ಮಾಡುವ ಪರೀಕ್ಷೆಯಿಂದ ನೋಡಿ ಸರಿಯಿದೆ ಎಂದಿದ್ದರಂತೆ. ಆ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಲವು ಮೀಟರುಗಳು ಹತ್ತಿಪ್ಪತ್ತು ಓಮ್ ರೋಧ ಇದ್ದರೂ ಪೀಂ ಎನ್ನುತ್ತವೆ, ನಮಗೆ ಬೇಕಾದ ಕಳ್ಳ 1 ಓಮಿನವನು. ಮುಚ್ಚಳ ತಿರುಗಿಸಿ ತೆಗೆದಾಗ ಫ್ಯೂಸಿನ ಗಾಜು ತಿಳಿಯಾಗಿತ್ತು, ತಂತಿ ತುಂಡಾಗಿರಲಿಲ್ಲ. ಆದರೆ ಒಳಗಿನ ಸ್ಪ್ರಿಂಗಿಗೆ ಹಸಿರು ಹಿಟ್ಟು ಮೆತ್ತಿಕೊಂಡಿತ್ತು. ಹೋಲ್ಡರಿಗೆ ಬಂದ ವೈರನ್ನು ಕತ್ತರಿಸಿ ಹೊದಿಕೆ ಸುಲಿದರೆ ಒಳಗಿನ ತಾಮ್ರದ ಎಳೆಗಳು ಕಪ್ಪು. ಒಂದು ಗೇಣು ಹಿಂದಕ್ಕೆ ಕತ್ತರಿಸಿದರೂ ಕಪ್ಪು. ಹೊದಿಕೆಯೊಳಗಿನ ಎಳೆಗಳ ಸಂದಿನಲ್ಲಿ ಉಪ್ಪುನೀರು ದೀಪದ ಬತ್ತಿಗೆ ಏರುವ ಎಣ್ಣೆಯ ರೀತಿಯಲ್ಲೇ ತಾನಾಗಿ ಏರುತ್ತ ಹೋಗಿತ್ತು. ಹೊರಗಿನಿಂದ ಆ ವೈರು ಕೆಂಪಗೆ, ಹೊಸತರಂತೆ ಹೊಳೆಯುತ್ತಿತ್ತು.

ಮಾಡಿದ ಮದ್ದು ದುಬಾರಿಯದಲ್ಲ. ಕಪ್ಪಾದ ವೈರನ್ನು ಪೂರ್ತಿ ಎಸೆದು, ಎಳೆಎಳೆಗೂ ತವರ ಲೇಪಿಸಿದ ವೈರು ಹಾಕಿದರು. ಬಿಗಿದು ಸುತ್ತಿ ಟೇಪು ಅಂಟಿಸುವ ಬದಲು ಲಗ್ ಒತ್ತಿ, ಒಳಗೆ ಅಂಟಿರುವ ಕುಗ್ಗುವ ಕೊಳವೆಯಿಂದ ಮುಚ್ಚಿದರು. ನೀರು ಬಿಡದ ಹೋಲ್ಡರನ್ನು ಒಣ ಜಾಗದಲ್ಲಿ, ಬ್ಯಾಟರಿಯ ಹತ್ತಿರ ಕೂರಿಸಿದರು. ಯಂತ್ರಕ್ಕೆ ಬ್ಯಾಟರಿಯಿಂದ ಬೇರೆಯೇ ಜೋಡಿ ವೈರು ಎಳೆದರು, ನೀರೆತ್ತುವ ಪಂಪು ಓಡಿದಾಗ ಅದರ ನೆಗೆಟಿವ್ ಇದಕ್ಕೆ ಹಂಚಿಕೆಯಾಗದಂತೆ. ಬಲ್ಬ್ ಮತ್ತೆ ಸಿಕ್ಕಿಸಿದಾಗ ಬೆಳ್ಳಗೆ ಹೊತ್ತಿತು.

ಎಲ್ಲ ತಕರಾರೂ ಜಾಯಿಂಟಿನದ್ದೇ ಎಂದಲ್ಲ. ಎಂಜಿನ್ ಸ್ಟಾರ್ಟ್ ಮಾಡುವಾಗ ಮಾತ್ರ ಪರದೆ ಆರಿ, ಆಮೇಲೆ ಸರಿಯಿದ್ದರೆ ಕಾರಣ ಬೇರೆ. ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುವ ಆ ಕ್ಷಣ ಬ್ಯಾಟರಿಯ ಒಳಗಿನ ರೋಧದಲ್ಲೇ ಎರಡು ಮೂರು ವೋಲ್ಟ್ ನಿಂತುಹೋಗುತ್ತದೆ. ಅದಕ್ಕೆ ಮದ್ದು ಯಂತ್ರಗಳಿಗೆ ಪ್ರತ್ಯೇಕ ಬ್ಯಾಟರಿ. ಸ್ಟಾರ್ಟ್ ಮಾಡದಾಗಲೂ, ಬಲ್ಬ್ ಹೊತ್ತಿರುವಾಗ ಬ್ಯಾಟರಿಯ ಕಂಬದಲ್ಲೇ 11ರ ಕೆಳಗೆ ಇಳಿದರೆ ಬ್ಯಾಟರಿಯೇ ಬರಿದಾಗಿದೆ ಅಥವಾ ಮುದಿಯಾಗಿದೆ. ಬಲ್ಬ್ ಬೆಳ್ಳಗೆ ಉರಿದು, ಪ್ಲಗ್ಗಿನಲ್ಲಿ 12ರ ಮೇಲಿದ್ದು, ಆಮೇಲೂ ಯಂತ್ರ ಏಳದಿದ್ದರೆ ಆಗ ಯಂತ್ರವನ್ನು ಬಿಚ್ಚಲು ನ್ಯಾಯವಿದೆ.

ಈ ವಿಷಯಕ್ಕೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣ ಮೀನೊಂದೇ ಅಲ್ಲ. ಹಲವು ಬೋಟುಗಳಲ್ಲಿ ಫಿಶ್ ಫೈಂಡರ್, ಜಿಪಿಎಸ್, ವೈರ್‌ಲೆಸ್ ಮೂರೂ ಒಂದೇ ವೈರಿನ ಮೇಲೆ ನಿಂತಿರುತ್ತವೆ. ಗಾಳಿ ಎದ್ದ ರಾತ್ರಿ ದಡಕ್ಕೆ ಕರೆ ಮಾಡಬೇಕಾದ ವೈರ್‌ಲೆಸ್, ಮಾತಾಡುವ ಗುಂಡಿ ಒತ್ತಿದ ಕೂಡಲೇ ಹೆಚ್ಚು ಕರೆಂಟು ಎಳೆಯುತ್ತದೆ, ಅದೇ ಹಸಿರು ಸ್ಪ್ರಿಂಗ್ ಅದನ್ನೂ ಆರಿಸುತ್ತದೆ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಬಲೆ ಹೆಣೆಯುವ, ಬಣ್ಣ ಬಳಿಯುವ ಆ ದಿನಗಳಲ್ಲಿ ಅರ್ಧ ಗಂಟೆಯನ್ನು ವೈರಿಗೂ ಕೊಡಿ ಎಂದು ಬೋಟಿನ ಮಾಲೀಕರಲ್ಲಿ, ತಾಂಡೇಲರಲ್ಲಿ ನನ್ನ ಕೇಳಿಕೆ. ಯಂತ್ರವನ್ನು ಅಥವಾ ಒಂದು ಬಲ್ಬನ್ನು ಹೊತ್ತಿಸಿಟ್ಟೇ ಬ್ಯಾಟರಿಯ ಕಂಬದಿಂದ ಪ್ಲಗ್ಗಿನವರೆಗಿನ ನಷ್ಟವನ್ನು ಎರಡೂ ಬದಿಯಲ್ಲಿ ಅಳೆದು ಕೂಡಿಸಿ. ಇಂಥ ಮುಖ್ಯ ಉಪಕರಣಗಳ ವೈರಿಂಗಿನಲ್ಲಿ ಒಪ್ಪಬಹುದಾದ ನಷ್ಟ ಶೇ. 3, ಅಂದರೆ 12 ವೋಲ್ಟಿಗೆ 0.36, 24 ವೋಲ್ಟಿನ ಬೋಟಿಗೆ 0.72. ಅದಕ್ಕಿಂತ ಹೆಚ್ಚು ಬಂದರೆ ಯಂತ್ರವನ್ನು ಹಾಗೆಯೇ ಬಿಟ್ಟು ಫ್ಯೂಸ್ ಹೋಲ್ಡರಿನ ಮುಚ್ಚಳ ತೆಗೆಯಿರಿ.